ಮಳೆಗಾಲಕ್ಕೆ ಮೊದಲು ಕಾರಿನ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ನೋಡಿಕೊಳ್ಳಿ

ಬ್ರೇಕ್ ಒತ್ತುವಾಗ ಕೀಂಯ್ ಅಂತ ಶಬ್ದ ಬರ್ತಾ ಉಂಟಾ? ಪ್ಯಾಡ್ ಸವೆದಿರಬಹುದು. ಪ್ಯಾಡಿನ ಸವೆಯುವ ಪದರ (ಲೈನಿಂಗ್) 3 ಮಿ.ಮೀ.ಗೆ ಇಳಿದಿದ್ದರೆ ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವ ಯೋಚನೆ ಬಿಟ್ಟು ಮೊದಲು ಪ್ಯಾಡ್ ಬದಲಿಸಿ. ಸಾಮಾನ್ಯ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಪ್ಯಾಡ್ ಹಿಡಿಯುವಂಥದ್ದು) ಆದರೆ ಮನೆಯಲ್ಲೇ ಮಾಡಬಹುದು, ಲೇಬರ್ ಚಾರ್ಜ್ ಉಳಿಯುತ್ತದೆ.

ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಚಕ್ರದ ನಟ್ ಸಡಿಲಿಸಿದ ಮೇಲೆಯೇ ಜಾಕ್ ಏರಿಸಿ. ಆಧಾರಕ್ಕೆ ಜಾಕ್ ಸ್ಟ್ಯಾಂಡ್ ಇಡಿ. ನಮ್ಮೂರಲ್ಲಿ ಕೆಂಪುಕಲ್ಲು ಇಡುವ ಅಭ್ಯಾಸ ಉಂಟು, ಅದು ಒಡೆದರೆ ಕಾರು ಮೈಮೇಲೆ ಬರ್ತದೆ ಮಾರಾಯ್ರೆ.

ಚಕ್ರ ತೆಗೆದು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ಬಿಚ್ಚಿ ಮೇಲೆತ್ತಿದರೆ ಪ್ಯಾಡ್ ಸಿಗುತ್ತದೆ. ಬ್ರೇಕ್ ಆಯಿಲ್ ಬರುವ ಹೋಸ್ ಮೇಲೆ ಭಾರ ಬೀಳಬಾರದು. ಕ್ಯಾಲಿಪರ್ ಒಳಗಿಂದ ಪ್ಯಾಡ್ ಒತ್ತುವ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್‌ನಿಂದ ನಿಧಾನವಾಗಿ ಒಳಗೆ ತಳ್ಳಿ. ಆಗ ಬ್ರೇಕ್ ಆಯಿಲ್ ಮೇಲೇರುತ್ತದೆ, ಬಾನೆಟ್ ಅಡಿಯ ಆಯಿಲ್ ಡಬ್ಬಿ ಮೇಲೆ ಕಣ್ಣಿರಲಿ. ಚೆಲ್ಲಿದರೆ ಪೇಂಟ್ ಹಾಳು.

ಕರಾವಳಿಯವರು ಮರೆಯಲೇಬಾರದ್ದು ಸ್ಲೈಡ್ ಪಿನ್, ಅಂದರೆ ಕ್ಯಾಲಿಪರ್ ಜಾರುವ ಕಡ್ಡಿ. ಉಪ್ಪು ಗಾಳಿ, ಮಳೆ ಎರಡೂ ಸೇರಿ ತುಕ್ಕು ಹಿಡಿಸಿದರೆ ಪಿನ್ ಜಾಮ್ ಆಗಿ ಒಂದೇ ಪ್ಯಾಡ್ ಬೇಗ ಸವೆಯುತ್ತದೆ. ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪ್ಯಾಡ್, ಡಿಸ್ಕ್‌ಗೆ ಗ್ರೀಸ್ ತಾಗಲೇಬಾರದು.

ಎಡ-ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ. ಹೊಸ ಪ್ಯಾಡ್ ಕೂರಿಸಿದ ಮೇಲೆ ಕ್ಯಾಲಿಪರ್ ಬೋಲ್ಟ್, ಚಕ್ರದ ನಟ್ ಸರಿಯಾಗಿ ಬಿಗಿಯಾಗಿವೆಯೇ ನೋಡಿ. ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಇಲ್ಲದಿದ್ದರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ. ಪೆಡಲ್ ಮೆತ್ತಗೇ ಉಳಿದರೆ, ಡಿಸ್ಕ್‌ನಲ್ಲಿ ಆಳವಾದ ಗೀರು ಕಂಡರೆ ಮೆಕ್ಯಾನಿಕ್ಕನ್ನೇ ಕರೆಸಿ.