ಬೀರುವಿನ ಬೆಳ್ಳಿ ಆನೆ ಮೇಜಿಗೆ ಬಂದ ಮೇಲೆ

ನಮ್ಮ ಅತ್ತೆಯವರ ಕಾಲದ ಒಂದು ಬೆಳ್ಳಿ ಆನೆ ನಮ್ಮನೆಯಲ್ಲಿದೆ. ಅಂಗೈ ಮೇಲೆ ನಿಲ್ಲುವಷ್ಟು ದೊಡ್ಡದು. ಸೊಂಡಿಲು ಮೇಲೆತ್ತಿದೆ, ಬೆನ್ನ ಮೇಲೆ ಹೊದಿಸಿದ ಜೂಲಿನಲ್ಲಿ ಸಾಸಿವೆಯಷ್ಟು ಚಿಕ್ಕ ಹೂಗಳಿವೆ. ದಸರಾದಲ್ಲಿ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಪಕ್ಕ ನಿಲ್ಲುತ್ತಿತ್ತು. ಮಿಕ್ಕ ದಿನವೆಲ್ಲ ಬೀರುವಿನೊಳಗೆ. ಮೂರು ವರ್ಷದ ಹಿಂದೆ ಮೊಮ್ಮಗಳು, "ಅಜ್ಜಿ, ಇದನ್ನ ನನ್ನ ಓದೋ ಮೇಜಿನ ಮೇಲೆ ಇಟ್ಕೊಳ್ಳಲಾ?" ಅಂತ ಕೇಳಿದಳು. ಸಂತೋಷವಾಗಿ ಕೊಟ್ಟೆ. ಹಳೇ ಬೆಳ್ಳಿ ಕಣ್ಣೆದುರು ಇರಬೇಕು, ಕೈಗೆ ಸಿಗಬೇಕು. ದಿನಾ ಬಳಸಿ ಒರೆಸಿಡುವ ಬೆಳ್ಳಿ ಬೇಗ ಕಪ್ಪಾಗುವುದಿಲ್ಲ.

ಅವತ್ತು ಸುತ್ತಿದ್ದ ಪೇಪರ್ ಬಿಚ್ಚಿದಾಗ ನನಗೆ ಹೊಟ್ಟೆ ಉರಿದುಹೋಯಿತು. ಆನೆಯ ಹೊಟ್ಟೆಗೆ ಸೊಂಟಪಟ್ಟಿ ಕಟ್ಟಿದ ಹಾಗೆ ಒಂದು ಕಪ್ಪು ಗೆರೆ. ಪೇಪರ್ ಬಿಚ್ಚಿಕೊಳ್ಳದಿರಲಿ ಅಂತ ಯಾರೋ ರಬ್ಬರ್ ಬ್ಯಾಂಡ್ ಹಾಕಿದ್ದರು. ಅದರ ಗುರುತು ಪೇಪರ್ ದಾಟಿ ಬೆಳ್ಳಿಗೆ ಇಳಿದಿತ್ತು. ರಬ್ಬರಿನಲ್ಲಿ ಗಂಧಕ ಇರುತ್ತದೆ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪು ಪದರ ಕಟ್ಟುತ್ತದೆ. ಅದು ಕಬ್ಬಿಣದ ತುಕ್ಕಿನಂತೆ ಒಳಗೆ ತಿನ್ನುವುದಿಲ್ಲ, ಮೇಲೆ ಮಾತ್ರ ಕೂರುತ್ತದೆ. ಉಣ್ಣೆ ಬಟ್ಟೆಯೂ ಹೀಗೇ ಮಾಡುತ್ತದೆ. ಮೊಟ್ಟೆ ತಿಂದ ಬೆಳ್ಳಿ ಚಮಚ ಕಪ್ಪಾಗುವುದೂ ಇದೇ ಕಾರಣಕ್ಕೆ. ಹಾಗಾಗಿ ಮೇಜಿನ ಮೇಲೆ ಬೆಳ್ಳಿ ಇಡುವಾಗ ಕೆಳಗೆ ರಬ್ಬರ್ ಶೀಟ್ ಹಾಕಬೇಡಿ. ಮೆತ್ತಗಿರುತ್ತದೆ ಅಂತ ಉಣ್ಣೆ ತುಂಡೂ ಬೇಡ. ಹಳೇ ಪಂಚೆಯ ಒಂದು ಚೂರು ಮಡಿಸಿ ಹಾಕಿ, ಸಾಕು.

ಇನ್ನು ತೊಳೆಯುವ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಳೇ ಬೆಳ್ಳಿ ಪ್ರಾಣಿಗಳು ಎಷ್ಟೋ ಸಲ ಗಟ್ಟಿ ಬೆಳ್ಳಿಯಲ್ಲ. ಅಕ್ಕಸಾಲಿಗಳು ತೆಳು ತಗಡನ್ನು ಬಡಿದು ಆಕಾರ ಕೊಟ್ಟು, ಜಜ್ಜಿಹೋಗದಿರಲಿ ಅಂತ ಒಳಗೆ ಅರಗು ತುಂಬಿರುತ್ತಾರೆ. ಈ ಆನೆಯ ಜೊತೆಗೆ ಒಂದು ಆಕಳು-ಕರುವೂ ಇತ್ತು. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಕುದಿಯೋ ನೀರು ಹಾಕಿದರೆ ಬೆಳ್ಳಿ ಕ್ಷಣದಲ್ಲಿ ಬೆಳ್ಳಗಾಗುತ್ತದೆ ಅಂತ ಕೇಳಿ ನಾನೇ ಅದನ್ನು ಪಾತ್ರೆಗೆ ಇಳಿಸಿದೆ. ಬೆಳ್ಳಗೇನೋ ಆಯಿತು. ಆದರೆ ಕಾಲಿನ ಬುಡದಿಂದ ಕಂದು ಬಣ್ಣದ ಅಂಟು ಇಳಿಯತೊಡಗಿತು. ಒಳಗಿನ ಅರಗು ಕರಗಿತ್ತು. ಆಮೇಲೆ ಬಟ್ಟೆಯಲ್ಲಿ ಒರೆಸುವಾಗ ಆಕಳ ಕತ್ತು ನನ್ನ ಹೆಬ್ಬೆರಳಿಗೇ ತಗ್ಗಿಹೋಯಿತು. ಆ ತಗ್ಗು ಇವತ್ತಿಗೂ ಇದೆ. ಸೋಡಾ-ಫಾಯಿಲ್ ವಿಧಾನ ಸುಳ್ಳಲ್ಲ, ಕೆತ್ತನೆ ಇಲ್ಲದ ತಟ್ಟೆ ಲೋಟಕ್ಕೆ ನಡೆಯುತ್ತದೆ. ಬೊಂಬೆಗೆ ಬೇಡ.

ಅರಗು ಇದೆಯೋ ಇಲ್ಲವೋ ತಿಳಿಯಲು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ. ಒಳಗೆ ಟೊಳ್ಳಾಗಿದ್ದರೆ ಸಣ್ಣಗೆ ಮೊಳಗುತ್ತದೆ. ಅರಗು ತುಂಬಿದ್ದರೆ ತೆಂಗಿನ ಚಿಪ್ಪು ತಟ್ಟಿದಂತೆ ಮಂದ ಸದ್ದು ಬರುತ್ತದೆ. ಹೊಟ್ಟೆಯ ಅಡಿ, ಪಾದದ ಅಡಿ ಮುಚ್ಚಿದ ಸಣ್ಣ ತೂತೂ ಕಾಣಬಹುದು. ಅನುಮಾನ ಇದ್ದರೆ ಅರಗಿದೆ ಅಂತಲೇ ಇಟ್ಟುಕೊಳ್ಳಿ. ನೀರಿನಲ್ಲಿ ಮುಳುಗಿಸಬೇಡಿ, ಬಿಸಿಲಿನಲ್ಲಿ ಒಣಗಿಸಬೇಡಿ, ಟೇಬಲ್ ಲ್ಯಾಂಪಿನ ಬುಡದಲ್ಲೂ ಇಡಬೇಡಿ.

ನಾನು ಮಾಡುವುದು ಇಷ್ಟೇ. ವಾರಕ್ಕೊಮ್ಮೆ ಮಗುವಿನ ಮೆತ್ತನೆ ಬ್ರಷ್‌ನಲ್ಲಿ ಕಿವಿಯ ಹಿಂದೆ, ಜೂಲಿನ ಹೂಗಳಲ್ಲಿ ಕೂತ ಧೂಳು ತೆಗೆಯುತ್ತೇನೆ. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಒರೆಸುತ್ತೇನೆ. ಜಿಡ್ಡಿದ್ದರೆ ಅಂಟುವಾಳದ ನೀರಲ್ಲಿ ಬಟ್ಟೆಯ ತುದಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸುತ್ತೇನೆ. ಟೂತ್‌ಪೇಸ್ಟ್ ಹಾಕಿ ಉಜ್ಜುವವರು ಬಹಳ ಜನ. ಬೆಳ್ಳಿ ಮೃದು, ಗೀರು ಬೀಳುತ್ತದೆ. ಅತ್ತೆಯವರು ವಿಭೂತಿಯಿಂದ ದೀಪ ಬೆಳಗುತ್ತಿದ್ದರು, ಆದರೆ ಇಂಥ ಕೆತ್ತನೆಯಲ್ಲಿ ಪುಡಿ ಸಿಕ್ಕಿಕೊಂಡು ಬೆಳ್ಳಗೆ ಗಟ್ಟಿಯಾಗುತ್ತದೆ. ಇನ್ನೊಂದು ಮಾತು: ಹೂವಿನ ಗೆರೆಗಳ ಒಳಗಿರುವ ಕಪ್ಪನ್ನು ತೆಗೆಯಲು ಹೋಗಬೇಡಿ. ಆ ಕಪ್ಪು ಇದ್ದರೇ ಹೂವು ಎದ್ದು ಕಾಣುವುದು. ಅದನ್ನೂ ಉಜ್ಜಿಬಿಟ್ಟರೆ ನಿನ್ನೆ ಮೊನ್ನೆ ಅಂಗಡಿಯಿಂದ ತಂದ ಸಾಮಾನಿನಂತೆ ಬೋಳಾಗುತ್ತದೆ, ಅಲ್ವಾ?

ಹೊಟ್ಟೆಯ ಕಪ್ಪು ಪಟ್ಟಿಯನ್ನು ಮಾತ್ರ ಬೆಳ್ಳಿ ಒರೆಸುವ ಪಾಲಿಶ್ ಬಟ್ಟೆಯಿಂದ ತೆಗೆದೆ. ಒಂದೇ ದಿನಕ್ಕಲ್ಲ, ದಿನಾ ಎರಡು ನಿಮಿಷದಂತೆ.

ಸೊಂಡಿಲಿನ ತುದಿಯಲ್ಲೋ ಬೆನ್ನಿನಲ್ಲೋ ಕೆಂಪು ಲೋಹ ಇಣುಕಿದರೆ ಅದು ಬೆಳ್ಳಿ ನೀರು ಹಾಕಿದ ಸಾಮಾನು. ಅದನ್ನು ಪಾಲಿಶ್ ಮಾಡಲೇಬೇಡಿ, ಉಳಿದ ಲೇಪವೂ ಹೋಗುತ್ತದೆ. ಜರ್ಮನ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿಯೇ ಇರುವುದಿಲ್ಲ. ತಾಮ್ರ, ಸತು, ನಿಕ್ಕಲ್ ಅಷ್ಟೇ. ಹಳೇದು ಕೊಟ್ಟು ಹೊಸದು ತರುವ ಆಸೆ ಬಂದರೆ ಸ್ವಲ್ಪ ತಡೆಯಿರಿ. ಅಂಗಡಿಯವರು ಕರಗಿಸಲು ತೆಗೆದುಕೊಳ್ಳುತ್ತಾರೆ. ಅರಗಿನ ತೂಕ ಕಳೆದು ಬೆಳ್ಳಿಗೆ ಮಾತ್ರ ಬೆಲೆ ಕಟ್ಟುತ್ತಾರೆ. ಜೂಲಿನ ಹೂ ಬಿಡಿಸಿದ ಕೈಗೆ ಅಲ್ಲಿ ಬೆಲೆಯಿಲ್ಲ.

ಎತ್ತುವಾಗ ಸೊಂಡಿಲು ಹಿಡಿಯಬೇಡ, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತು ಅಂತ ಮೊಮ್ಮಗಳಿಗೆ ಹೇಳಿಕೊಟ್ಟಿದ್ದೇನೆ. ಸೊಂಡಿಲು, ಕಾಲು ಬೆಸುಗೆ ಹಾಕಿದ ಜಾಗಗಳು, ಅಲ್ಲೇ ಮೊದಲು ಬಿಡುವುದು. ರಜೆಗೆ ಊರಿಗೆ ಹೊರಟರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಕವರಿನಲ್ಲಿ ಹಾಕಿ, ತೇವ ಹೀರಲು ಒಂದು ಸೀಮೆಸುಣ್ಣ ಇಡುತ್ತಾಳೆ. ದಸರಾ ಬಂದಾಗ ಅವಳೇ ಮೇಜಿನಿಂದ ಎತ್ತಿ ತಂದು ಪಟ್ಟದ ಗೊಂಬೆಗಳ ಪಕ್ಕ ನಿಲ್ಲಿಸುತ್ತಾಳೆ. ಕತ್ತು ತಗ್ಗಿದ ಆಕಳೂ ಅಲ್ಲೇ ಇರುತ್ತದೆ, ಆ ಬದಿ ಗೋಡೆಯ ಕಡೆಗೆ.