ಬೌದ್ಧ ಕ್ರಮದಲ್ಲಿ ಮದುವೆ ನಡೆಸುವವರಿಗೆ
ಬೌದ್ಧ ಕ್ರಮದಲ್ಲಿ ಮದುವೆ ಎಂದು ನಿಶ್ಚಯವಾದೊಡನೆ ಮನೆಯವರು ಸಾಮಾನ್ಯವಾಗಿ ಭಂತೇಜಿಯವರನ್ನು, ಅಂದರೆ ಬೌದ್ಧ ಭಿಕ್ಷುಗಳನ್ನು, ಹುಡುಕತೊಡಗುತ್ತಾರೆ. ಆದರೆ ಧಮ್ಮದ, ಅಂದರೆ ಬುದ್ಧರ ಬೋಧನೆಯ, ದೃಷ್ಟಿಯಲ್ಲಿ ಮದುವೆ ಪುರೋಹಿತರು ಮಾಡಿಸಬೇಕಾದ ಸಂಸ್ಕಾರವಲ್ಲ, ಇಬ್ಬರು ಗೃಹಸ್ಥರು ತಿಳಿದು ಮಾಡಿಕೊಳ್ಳುವ ಒಪ್ಪಂದ. ಭಿಕ್ಷುಗಳು ಬಂದರೆ ಪರಿತ್ತ ಎಂಬ ರಕ್ಷಣೆಯ ಪಾಠಗಳನ್ನು ಪಠಿಸಿ ಹರಸುತ್ತಾರೆ. ಗಂಡು ಹೆಣ್ಣಿನ ನಡುವೆ ಸಂಬಂಧ ಕುದುರಿಸುವುದು ಭಿಕ್ಷುಗಳ ನಿಯಮಾವಳಿಯಾದ ವಿನಯದ ಪ್ರಕಾರ ಅವರಿಗೆ ಸಂಘಾದಿಶೇಷವೆಂಬ ಗಂಭೀರ ಅಪರಾಧವಾದ್ದರಿಂದ, ವಧೂವರರನ್ನು ಹುಡುಕಿಕೊಡಿ ಎಂದು ಅವರನ್ನು ಎಂದಿಗೂ ಕೇಳಬಾರದು.

ನಿಜವಾದ ಸಿದ್ಧತೆ ಮಂಟಪಕ್ಕಿಂತ ಮೊದಲೇ ಆಗಬೇಕು. ಬುದ್ಧರ ದೀರ್ಘ ಉಪದೇಶಗಳ ಸಂಗ್ರಹವಾದ ದೀಘನಿಕಾಯದ ಸಿಗಾಲೋವಾದ ಸುತ್ತವನ್ನು (ಸುತ್ತ ಎಂದರೆ ಉಪದೇಶ) ವಧೂವರರು ಒಟ್ಟಿಗೆ ಕುಳಿತು ಓದಲಿ. ರಾಜಗೃಹದಲ್ಲಿ ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಗೃಹಸ್ಥನ ಮಗ ಸಿಗಾಲನಿಗೆ ಬುದ್ಧರು, ಪಶ್ಚಿಮ ದಿಕ್ಕೆಂದರೆ ಹೆಂಡತಿ ಎಂದು ತಿಳಿಸಿ, ಗಂಡನ ಐದು ಹೊಣೆಗಳನ್ನು ಹೆಸರಿಸುತ್ತಾರೆ: ಆಕೆಯನ್ನು ಗೌರವಿಸುವುದು, ಹೀಯಾಳಿಸದಿರುವುದು, ದಾಂಪತ್ಯ ನಿಷ್ಠೆ ಮೀರದಿರುವುದು, ಮನೆಯ ಅಧಿಕಾರವನ್ನು ಒಪ್ಪಿಸುವುದು, ಒಡವೆ ವಸ್ತ್ರ ಕೊಡಿಸುವುದು. ಹೆಂಡತಿಗೂ ಐದು ಹೊಣೆಗಳಿದ್ದು, ನಿಷ್ಠೆ ಎರಡೂ ಪಟ್ಟಿಗಳಲ್ಲಿದೆ. ಗಂಡನ ಹೊಣೆಗಳ ಪೈಕಿ ನಾಲ್ಕನೆಯದಾದ ಅಧಿಕಾರ ಒಪ್ಪಿಸುವುದರ ಮೇಲೆ ಹೆಚ್ಚು ಹೊತ್ತು ಮಾತಾಡಬೇಕೆಂಬುದು ನನ್ನ ಒತ್ತಾಯ. ಇಬ್ಬರ ಸಂಬಳ ಯಾವ ಖಾತೆಗೆ ಹೋಗುತ್ತದೆ, ತವರಿಗೆ ಹಣ ಕಳಿಸಲು ಯಾರ ಅನುಮತಿಯಾದರೂ ಬೇಕೇ, ಮಗು ಯಾವಾಗ ಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದನ್ನು ಕೇಳಿಕೊಳ್ಳದೆ ಅಧಿಕಾರ ಒಪ್ಪಿಸುತ್ತೇನೆ ಎಂದರೆ ಅದು ಬಾಯಿಮಾತಾಗಿ ಉಳಿಯುತ್ತದೆ. ಜಾತಕ ಕೂಡಿಬಂತೇ ಎಂದು ಕೇಳುವ ನೆಂಟರಿಗೆ ಬುದ್ಧರ ಗೃಹಸ್ಥ ಶಿಷ್ಯರಾದ ನಕುಲಪಿತ ಮತ್ತು ನಕುಲಮಾತೆಯ ಕಥೆ ಹೇಳಬಹುದು. ಮುಂದಿನ ಜನ್ಮದಲ್ಲೂ ಜೊತೆಯಾಗಿರಬೇಕೆಂದು ಬಯಸಿದ ಆ ದಂಪತಿಗೆ ಬುದ್ಧರು ಹೇಳಿದ್ದು ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಈ ನಾಲ್ಕರಲ್ಲಿ ಸಮಾನರಾಗಿರಿ ಎಂದು.

ಕಾಮದ ವಿಷಯವನ್ನು ಸಂಕೋಚಪಟ್ಟು ಬಿಟ್ಟುಬಿಡಬಾರದು. ಬೌದ್ಧರು ಪಾಲಿಸುವ ಐದು ನಿಯಮಗಳಾದ ಪಂಚಶೀಲದ ಮೂರನೆಯ ಶೀಲ ಗೃಹಸ್ಥರಿಗೆ ಕಾಮವನ್ನು ನಿಷೇಧಿಸುವುದಿಲ್ಲ, ಕಾಮದಲ್ಲಿ ದುರ್ನಡತೆಯನ್ನು ನಿಷೇಧಿಸುತ್ತದೆ. ಬಲವಂತ, ಮೋಸ, ಪರರ ಸಂಗಾತಿಯ ಮೇಲಿನ ಆಸೆ ಇವೆಲ್ಲ ಅದರಲ್ಲಿ ಬರುತ್ತವೆ. ಮದುವೆಯ ಒಳಗಿನ ಬಲವಂತವೂ ಬಲವಂತವೇ ಎಂದು ನಾನು ದೃಢವಾಗಿ ನಂಬುತ್ತೇನೆ. ಹುಣ್ಣಿಮೆಯ ಉಪೋಸಥ ಎಂಬ ವ್ರತದ ದಿನದಂದು ಅಷ್ಟಶೀಲ, ಅಂದರೆ ಎಂಟು ನಿಯಮಗಳನ್ನು, ಪಾಲಿಸುವವರು ಆ ದಿನ ಬ್ರಹ್ಮಚರ್ಯದಲ್ಲಿರುತ್ತಾರೆ, ಹಾಗಾಗಿ ಒಬ್ಬರು ಪಾಲಿಸಲು ಬಯಸಿದರೆ ಮತ್ತೊಬ್ಬರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಲಿ.

ವಿಧಿ ಸರಳ. ಅಂಬೇಡ್ಕರ್ ಅನುಯಾಯಿಗಳ ಮದುವೆಗಳಲ್ಲಿ ಬುದ್ಧರ ಮೂರ್ತಿ, ಬಾಬಾಸಾಹೇಬರ ಭಾವಚಿತ್ರದ ಮುಂದೆ ಹೂವು, ಮೇಣದ ಬತ್ತಿ, ಊದುಬತ್ತಿ ಇಟ್ಟು, ಬಿಳಿ ಉಡುಪಿನ ವಧೂವರರು ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ತ್ರಿಶರಣ ಮತ್ತು ಪಂಚಶೀಲ ಸ್ವೀಕರಿಸಿ, ಪ್ರತಿಜ್ಞೆ ನುಡಿದು, ಹಾರ ಬದಲಾಯಿಸಿಕೊಳ್ಳುತ್ತಾರೆ. ಮಂಗಲ ಸುತ್ತ ಪಠಣವಾಗುತ್ತದೆ. ಹೋಮವಿಲ್ಲ, ಮುಹೂರ್ತವಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದಾಗ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬ್ರಾಹ್ಮಣರಿಂದ ಯಾವುದೇ ವಿಧಿ ಮಾಡಿಸುವುದಿಲ್ಲ ಎಂಬುದೂ ಒಂದು; ಹಿರಿಯರನ್ನು ಮೆಚ್ಚಿಸಲೆಂದು ಬೆಳಿಗ್ಗೆ ಹೋಮ, ಸಂಜೆ ಬುದ್ಧ ವಂದನೆ ಎಂದು ಎರಡನ್ನೂ ಇಟ್ಟುಕೊಳ್ಳುವವರು ಇದನ್ನು ಯೋಚಿಸಬೇಕು. ವಧೂವರರ ಪ್ರತಿಜ್ಞೆಗಳು ಕನ್ನಡದಲ್ಲಿರಲಿ, ಸಿಗಾಲೋವಾದದ ಐದೈದು ಹೊಣೆಗಳನ್ನು ಇಬ್ಬರೂ ಸ್ವಂತ ದನಿಯಲ್ಲಿ ಹೇಳಲಿ.

ಕಾನೂನಿನ ಕೆಲಸ ಬೇರೆಯಾಗಿಯೇ ಇದೆ. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆಯಾದರೂ, ಅದು ರೂಢಿಯ ವಿಧಿಗಳನ್ನು ಕೇಳುತ್ತದೆ. ವಧೂವರರು ಬೇರೆ ಬೇರೆ ಧರ್ಮದವರಾಗಿದ್ದರೆ, ಅಥವಾ ವಿಧಿಯ ಬಗ್ಗೆ ಮುಂದೆ ತಕರಾರು ಬರಬಾರದೆಂದಿದ್ದರೆ, 1954ರ ವಿಶೇಷ ವಿವಾಹ ಕಾಯ್ದೆಯೇ ಸುರಕ್ಷಿತ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನಗಳಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಪ್ರಕಟವಾದ 30 ದಿನಗಳೊಳಗೆ ಆಕ್ಷೇಪಣೆ ಬರದಿದ್ದರೆ ಮೂವರು ಸಾಕ್ಷಿಗಳ ಎದುರು ಸಹಿ ಹಾಕಬಹುದು. ಆದ್ದರಿಂದ ಛತ್ರ ಗೊತ್ತುಮಾಡುವ ಮೊದಲು ನೋಟಿಸ್ ಕೊಟ್ಟುಬಿಡಿ.