ಇಂಗ್ಲೆಂಡಿನ ಹೊಲದ ದಾರೀಲಿ ಕಳೆದುಹೋಗದೆ ನಡೆಯೋದು ಹೇಗೆ?

ಏಪ್ರಿಲ್ ಬಂತು ಅಂದ್ರೆ ಸ್ಲೌ, ರೀಡಿಂಗ್, ಹ್ಯಾರೋ ಕಡೆಯ ನಮ್ಮವರು ಊರಿಂದ ಬಂದ ಅಪ್ಪ-ಅಮ್ಮನ್ನ ಕರ್ಕೊಂಡು ಲಂಡನ್ ಹತ್ರದ ಚಿಲ್ಟರ್ನ್ಸ್ ಬೆಟ್ಟಗಳ ಕಡೆ ಹೊರಡ್ತಾರೆ. ಆಮೇಲೆ ನಡೆಯೋದು ಎರಡೇ ಥರ. ಒಂದಷ್ಟು ಜನ ಗೋಧಿ ಹೊಲದ ಗೇಟಿನ ಮುಂದೆ ನಿಂತು ‘ಅಯ್ಯೋ ಯಾರದೋ ಜಮೀನು ಕಣ್ರೀ, ಬೈಸ್ಕೊಳೋದು ಯಾಕೆ’ ಅಂತ ಫೋಟೋ ತೆಗೆದು ವಾಪಸ್ ಬರ್ತಾರೆ, ಇನ್ನೊಂದಷ್ಟು ಜನ ಧೈರ್ಯವಾಗಿ ನುಗ್ಗಿ ಹೊಲದ ನಟ್ಟನಡುವೆ ನಿಂತ್ಕೊಂಡು ಫೋನ್ ಮೇಲೆತ್ತಿ ಸಿಗ್ನಲ್ ಹುಡುಕ್ತಿರ್ತಾರೆ. ಎರಡೂ ಬೇಡ.

ಮೊದಲು ಹೆದರಿಕೆ ಬಿಡಿ. ಗೇಟ್ ಹತ್ರ ‘ಪಬ್ಲಿಕ್ ಫುಟ್‌ಪಾತ್’ ಅಂತ ಬೋರ್ಡ್ ಇದ್ರೆ ಜಮೀನು ರೈತನದ್ದೇ, ಆದ್ರೆ ಆ ದಾರೀಲಿ ನಡೆಯೋ ಹಕ್ಕು ಎಲ್ಲರದ್ದು, ಯಾರನ್ನೂ ಕೇಳಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ಹಕ್ಕಿನ ದಾರಿಗಳು ಸುಮಾರು 2,25,000 ಕಿ.ಮೀ. ಇವೆ. 1949ರ ಕಾನೂನು ಬಂದ ಮೇಲೆ ಇವನ್ನೆಲ್ಲ ಅಧಿಕೃತ ನಕ್ಷೆಗೆ ಹತ್ತಿಸೋ ಕೆಲಸ ಶುರುವಾಯ್ತು. ಸ್ಕಾಟ್ಲೆಂಡ್ ಕಾನೂನೇ ಬೇರೆ, ನಾನು ಹೇಳ್ತಿರೋದು ಅಲ್ಲಿಗೆ ಲೆಕ್ಕಕ್ಕಿಲ್ಲ. ಕಂಬದ ಮೇಲಿನ ಬಾಣದ ಬಣ್ಣ ನೆನಪಿಟ್ಕೊಳ್ಳಿ: ಹಳದಿ ಅಂದ್ರೆ ನಡೆಯೋರಿಗೆ ಮಾತ್ರ, ನೀಲಿ ಅಂದ್ರೆ ಕುದುರೆ, ಸೈಕಲ್ ಕೂಡ ಬರ್ತವೆ, ಕೆಂಪು ಅಂದ್ರೆ ಮೋಟಾರು ಗಾಡೀನೂ ಬರಬಹುದು.

ಎಲ್ಲಿಂದ ಶುರು ಮಾಡೋದು

ಮೊದಲ ಸಲಕ್ಕೆ ವೆಂಡೋವರ್‌ನಿಂದ ಪ್ರಿನ್ಸಸ್ ರಿಸ್‌ಬರೋವರೆಗೆ ನಡೀರಿ, ಬೇರೆ ಯೋಚನೆ ಬೇಡ. ಸುಮಾರು ಹತ್ತು-ಹನ್ನೊಂದು ಕಿ.ಮೀ. ಆಗುತ್ತೆ. ಲಂಡನ್ನಿನ ಮ್ಯಾರಿಲಬೋನ್‌ನಿಂದ ಎರಡೂ ಊರಿಗೆ ರೈಲು ಇದೆ, ಆದ್ರೆ ಲೈನ್ ಬೇರೆ ಬೇರೆ, ಹಾಗಾಗಿ ರಿಟರ್ನ್ ಟಿಕೆಟ್ ತಗೊಳೋ ಮುಂಚೆ ಕೌಂಟರ್‌ನಲ್ಲಿ ವಿಚಾರಿಸಿ. ಕಾರು ತಗೊಂಡ್ಹೋದ್ರೆ ಹೊರಟ ಜಾಗಕ್ಕೇ ವಾಪಸ್ ಬರಬೇಕು, ಅದಕ್ಕೇ ರೈಲೇ ಸರಿ. ಈ ದಾರಿ ‘ರಿಜ್‌ವೇ’ ಅನ್ನೋ 139 ಕಿ.ಮೀ. ಉದ್ದದ ನ್ಯಾಷನಲ್ ಟ್ರೇಲ್‌ನ (ದೂರದ ನಡಿಗೆ ದಾರಿ) ಒಂದು ತುಂಡು, ಕಂಬಗಳ ಮೇಲೆ ಓಕ್ ಕಾಯಿಯ ಗುರುತು ಇರುತ್ತೆ. ಊರು ದಾಟ್ತಿದ್ದ ಹಾಗೆ ಏರು ಶುರು, ಮೇಲೆ ಕೂಂಬ್ ಹಿಲ್, 260 ಮೀಟರ್, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತವರಿಗೆ 1904ರಲ್ಲಿ ಕಟ್ಟಿದ ಸ್ಮಾರಕ ಇದೆ. ಕಷ್ಟದ ಏರು ಮೊದಲೇ ಮುಗಿದ್ಬಿಡುತ್ತೆ, ಅದಕ್ಕೇ ಈ ದಿಕ್ಕಿಗೆ ನಡೀರಿ ಅಂದಿದ್ದು.

ಮ್ಯಾಪ್

ಇಲ್ಲಿ ಜನ ಹತ್ತು ಪೌಂಡ್ ಉಳಿಸೋಕೆ ಹೋಗಿ ದಿನಾನೇ ಕಳ್ಕೋತಾರೆ. ಕಾರಿನಲ್ಲಿ ದಾರಿ ತೋರಿಸೋ ಸಾಮಾನ್ಯ ಮ್ಯಾಪ್ ಆಪ್ ಇದಕ್ಕೆ ಆಗಲ್ಲ, ಅದಕ್ಕೆ ಬೇಲಿ ಯಾವುದು, ಹಕ್ಕಿನ ದಾರಿ ಯಾವುದು ಗೊತ್ತಿರಲ್ಲ, ಎಷ್ಟೋ ಸಲ ಪಕ್ಕದಲ್ಲಿ ನಡೆಯೋಕೆ ಜಾಗಾನೇ ಇಲ್ಲದ ಹಳ್ಳಿ ರಸ್ತೇಲಿ ಕಾರುಗಳ ಮಧ್ಯೆ ನಡೆಸುತ್ತೆ. ಬೇಕಾಗಿರೋದು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಕಿತ್ತಳೆ ಬಣ್ಣದ ‘ಎಕ್ಸ್‌ಪ್ಲೋರರ್’ ಮ್ಯಾಪ್, 1:25,000 ಅಳತೆ, ಅಂದ್ರೆ ನಾಲ್ಕು ಸೆಂ.ಮೀ.ಗೆ ಒಂದು ಕಿ.ಮೀ. ವೆಂಡೋವರ್‌ಗೆ 181ನೇ ನಂಬರ್. ಗುಲಾಬಿ ಕವರಿನ ‘ಲ್ಯಾಂಡ್‌ರೇಂಜರ್’ ತಗೋಬೇಡಿ, ಅದರಲ್ಲಿ ಹೊಲದ ಬೇಲಿಗಳನ್ನ ತೋರಿಸಲ್ಲ, ಬೇಲಿ ಇಲ್ಲದ ಮ್ಯಾಪ್ ಇಟ್ಕೊಂಡು ಹೊಲದಲ್ಲಿ ಮಾಡೋದೇನು. ಎಕ್ಸ್‌ಪ್ಲೋರರ್‌ನಲ್ಲಿ ಹಸಿರು ತುಂಡುಗೆರೆ ಅಂದ್ರೆ ಹಕ್ಕಿನ ದಾರಿ. ಕಪ್ಪು ತುಂಡುಗೆರೆ ಅಂದ್ರೆ ಅಲ್ಲೊಂದು ದಾರಿ ಇದೆ ಅಷ್ಟೇ, ಅದರಲ್ಲಿ ನಿಮಗೆ ಹಕ್ಕಿದೆ ಅಂತಲ್ಲ. ಪೇಪರ್ ಮ್ಯಾಪ್ ಜೊತೆ ಬರೋ ಕೋಡ್ ಹಾಕಿದ್ರೆ ಅದೇ ಮ್ಯಾಪ್ ಫೋನಲ್ಲೂ ಸಿಗುತ್ತೆ, ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಬಟ್ಟೆ-ಬರೆ ಬಗ್ಗೆ ಒಂದೇ ಮಾತು: ಜೀನ್ಸ್ ಬೇಡ, ಅಚ್ಚು ಆಳವಾಗಿರೋ ಅಟ್ಟೆಯ ಬೂಟು ಬೇಕು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ, ಹುಲ್ಲಲ್ಲಿರೋ ಉಣ್ಣಿ (ಟಿಕ್) ಕಚ್ಚಿದ್ರೆ ಲೈಮ್ ಅನ್ನೋ ಸೋಂಕು ಕಾಯಿಲೆ ಬರಬಹುದು.

ಹೊಲ ದಾಟೋದು

ಎಲ್ಲರೂ ಎಡವೋದು ಇಲ್ಲೇ. ಕಾಡಲ್ಲಿ, ಬೆಟ್ಟದಲ್ಲಿ ದಾರಿ ಕಾಣುತ್ತೆ, ಹೊಲದಲ್ಲಿ ಕಾಣಲ್ಲ.

ಬೇಲಿ ದಾಟೋಕೆ ‘ಸ್ಟೈಲ್’ ಅಂತ ಹತ್ತಿ ಇಳಿಯೋ ಮೆಟ್ಟಿಲು ಇರುತ್ತೆ, ನಮ್ಮ ಕರಾವಳಿಯ ತೋಟದ ಬೇಲೀಲಿರೋ ತಡಮೆ ಥರದ್ದೇ. ಅದರ ಮೇಲೆ ಹತ್ತಿದಾಗ ತಕ್ಷಣ ಕೆಳಗಿಳೀಬೇಡಿ. ಇಡೀ ಹೊಲ ಕಾಣೋ ಎತ್ತರ ಅದೊಂದೇ, ಹಿಂದೆ ಯಾರೂ ಕಾಯ್ತಿಲ್ಲ ಅಂದ್ರೆ ಒಂದು ನಿಮಿಷ ನಿಂತು ನೋಡಿ. ಮ್ಯಾಪ್ ತೆಗೆದು, ಅದರಲ್ಲಿರೋ ಬೇಲಿಯ ಗೆರೆ ಮತ್ತು ಕಣ್ಣೆದುರಿನ ಬೇಲಿ ಒಂದೇ ದಿಕ್ಕಿಗೆ ಬರೋ ತನಕ ಮ್ಯಾಪನ್ನ ತಿರುಗಿಸಿ, ಅಕ್ಷರ ತಲೆಕೆಳಗಾದ್ರೂ ಪರವಾಗಿಲ್ಲ. ಈಗ ನೋಡಬೇಕಾದ್ದು ಹಸಿರು ಗೆರೆ ಬೇಲಿಯ ಯಾವ ಪಕ್ಕದಲ್ಲಿದೆ ಅಂತ, ಎಡಕ್ಕೋ ಬಲಕ್ಕೋ. ಬೇಲಿಯ ತಪ್ಪು ಪಕ್ಕ ಹಿಡಿದ್ರಿ ಅಂದ್ರೆ ಅರ್ಧ ಕಿ.ಮೀ. ಆದ್ಮೇಲೆ ಗೊತ್ತಾಗೋದು, ಆ ಹಾಥಾರ್ನ್ ಮುಳ್ಳಿನ ಬೇಲಿ ನುಸಿಯೋಕಂತೂ ಆಗಲ್ಲ, ಬಂದ ದಾರೀಲೇ ವಾಪಸ್ ಹೋಗಬೇಕು.

ಆಮೇಲೆ ಬಾಣ. ಬಾಣ ಅಂದ್ರೆ ಬರೀ ‘ಮುಂದೆ ಹೋಗಿ’ ಅಂತಲ್ಲ, ಅದು ಎಷ್ಟು ಓರೆಯಾಗಿ ತಿರುಗಿದೆಯೋ ನೀವೂ ಅಷ್ಟೇ ಓರೆಯಾಗಿ ಹೊಲ ದಾಟಬೇಕು. ಆದ್ರೆ ಕಂಬ ಸಡಿಲ ಆಗಿ ತಿರುಗಿರೋದೂ ಉಂಟು, ಅದಕ್ಕೇ ಮ್ಯಾಪ್ ಜೊತೆ ತಾಳೆ ನೋಡಿ. ತಾಳೆಯಾದ್ರೆ ಎದುರು ಬೇಲೀಲಿ ಹೊರಗೆ ಹೋಗೋ ಜಾಗ ಹುಡುಕಿ: ಒಂದು ಕಂಬ, ಬೇಲೀಲಿ ಒಂದು ಸಂದು, ಗೇಟಿನ ಅಡ್ಡಪಟ್ಟಿ. ಹೊಲದ ಮಧ್ಯೆ ದಿಬ್ಬ ಇದ್ದು ಆಚೆ ಕಾಣ್ತಿಲ್ಲ ಅಂದ್ರೆ ಅದೇ ದಿಕ್ಕಿನಲ್ಲಿ ದೂರದ ಒಂದು ಮರಾನೋ ಚರ್ಚಿನ ಗೋಪುರಾನೋ ಗುರುತು ಮಾಡ್ಕೊಂಡು ಅದನ್ನೇ ನೋಡ್ತಾ ನಡೀರಿ. ಕೆಳಗಿಳಿಯೋದು ಇಷ್ಟೆಲ್ಲ ಆದ್ಮೇಲೆ.

ಹೊಲದೊಳಗೆ ಇನ್ನೊಂದು ಮೋಸ ಇದೆ, ಟ್ರ್ಯಾಕ್ಟರ್ ಗೆರೆ. ಔಷಧಿ ಹೊಡೆಯೋಕೆ ಟ್ರ್ಯಾಕ್ಟರ್ ಓಡಾಡಿ ಬೆಳೆ ಮಧ್ಯೆ ಬರೀ ಮಣ್ಣಿನ ಗೆರೆ ಬಿದ್ದಿರುತ್ತೆ, ನೋಡೋಕೆ ಅಚ್ಚುಕಟ್ಟು ಕಾಲುದಾರಿ, ಜನ ಖುಷಿಯಾಗಿ ಅದರಲ್ಲೇ ಹೊರಟುಬಿಡ್ತಾರೆ, ಅದು ಹೊಲದ ಕೊನೇಲಿ ಸುತ್ತು ಹೊಡೆದು ಇನ್ನೊಂದು ಗೆರೆಗೆ ಸೇರುತ್ತೆ ಅಷ್ಟೇ, ಎಲ್ಲಿಗೂ ಹೋಗಲ್ಲ. ಗುರುತಿಸೋದು ಸುಲಭ: ಟ್ರ್ಯಾಕ್ಟರ್ ಗೆರೆ ಯಾವಾಗಲೂ ಜೋಡಿ, ಒಂದೇ ಅಂತರದಲ್ಲಿ ಹೊಲದುದ್ದಕ್ಕೂ ಮತ್ತೆ ಮತ್ತೆ ಬರುತ್ತೆ. ನಿಜವಾದ ಕಾಲುದಾರಿ ಒಂಟಿ, ಸಾಮಾನ್ಯವಾಗಿ ಆ ಜೋಡಿ ಗೆರೆಗಳನ್ನ ಓರೆಯಾಗಿ ಕತ್ತರಿಸ್ಕೊಂಡು ಹೋಗುತ್ತೆ.

ಉತ್ತ ಹೊಲದಲ್ಲಿ ದಾರೀನೇ ಅಳಿಸಿಹೋಗಿದ್ರೆ? ಬಿತ್ತನೆಗೆ ಅಂತ ಉತ್ತ ಮೇಲೆ 14 ದಿನದೊಳಗೆ ರೈತ ದಾರಿಯನ್ನ ಮತ್ತೆ ಸರಿಮಾಡಿ ಕೊಡಬೇಕು, ಹೊಲದ ನಡುವಿನ ಫುಟ್‌ಪಾತ್ ಆದ್ರೆ ಕಡಿಮೆ ಅಂದ್ರೂ ಒಂದು ಮೀಟರ್ ಅಗಲ, ಇದು 1990ರ ಕಾಯ್ದೆ. ಮಾಡಿಲ್ಲ ಅಂದ್ರೂ ನಿಮ್ಮ ಹಕ್ಕು ಹೋಗಲ್ಲ, ಬೆಳೆ ಇದ್ರೂ ಅದರ ಮಧ್ಯೆ ಆ ಗೆರೇಲೇ ಹೋಗಿ, ಒಬ್ಬರ ಹಿಂದೆ ಒಬ್ಬರು. ನಮ್ಮವರಿಗೆ ಇದು ಮನಸ್ಸಿಗೆ ಒಗ್ಗಲ್ಲ, ಪೈರು ತುಳಿಯೋದಾ ಅಂತ ಅಂಚಲ್ಲಿ ಸುತ್ತಿ ಬರ್ತಾರೆ, ಒಳ್ಳೇ ಬುದ್ಧಿನೇ, ಆದ್ರೆ ಹಕ್ಕು ಇರೋದು ಆ ಗೆರೆ ಮೇಲೆ, ಅಂಚಿನ ಮೇಲಲ್ಲ, ಜೊತೆಗೆ ಅಂಚಲ್ಲಿ ಸುತ್ತಿದವರಿಗೆ ಹೊರದಾರಿ ಸಿಗೋದೂ ಕಷ್ಟ. ಮೇ ತಿಂಗಳ ರೇಪ್‌ಸೀಡ್ (ಸಾಸಿವೆ ಜಾತಿಯ ಎಣ್ಣೆಬೀಜ) ಹೊಲಕ್ಕೆ ಮಾತ್ರ ಹುಷಾರು, ಹಳದಿ ಹೂವು ಫೋಟೋಗೆ ಚೆನ್ನ, ಆದ್ರೆ ಎದೆಮಟ್ಟ ಬೆಳೆದಿರುತ್ತೆ, ಬೆಳಗ್ಗೆ ಹೊಕ್ಕರೆ ಇಬ್ಬನಿಗೆ ಸೊಂಟದವರೆಗೆ ಒದ್ದೆ.

ದೂರಾನ ಕಿ.ಮೀ.ನಲ್ಲಿ ಲೆಕ್ಕ ಹಾಕಬೇಡಿ, ಬೇಲಿ ಎಣಿಸಿ. ‘ಮೂರನೇ ಬೇಲಿ ದಾಟಿದ್ಮೇಲೆ ಎಡಕ್ಕೆ’ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡ್ರೆ ತಪ್ಪೋದೇ ಕಷ್ಟ.

ದನಗಳು

ಇದನ್ನ ಬೇರೆಯಾಗೇ ಹೇಳಬೇಕು, ಯಾಕಂದ್ರೆ ನಮ್ಮ ಅಮ್ಮಂದಿರು ಹಸು ಕಂಡ ತಕ್ಷಣ ಕೈ ಮುಗಿದು ಹಣೆ ಮುಟ್ಟೋಕೆ ಹೋಗ್ತಾರೆ. ಬೇಡಮ್ಮ, ದೂರದಿಂದಲೇ ಕೈ ಮುಗೀರಿ. ಇವು ಮನೆ ಮುಂದೆ ಬಾಳೆಹಣ್ಣು ತಿಂದು ಬೆಳೆದ ಹಸುಗಳಲ್ಲ, ಕರು ಜೊತೆಗಿದ್ರೆ ಹಾಯೋಕೆ ಬರ್ತವೆ. ತಾಯಿ ಮತ್ತು ಕರು ಮಧ್ಯೆ ಯಾವತ್ತೂ ಹೋಗಬೇಡಿ, ದೂರ ಸುತ್ತಿ ಹೋಗಿ ಮತ್ತೆ ದಾರಿ ಸೇರ್ಕೊಳ್ಳಿ. ಎಳೆ ಹೋರಿಗಳು ಗುಂಪು ಕಟ್ಕೊಂಡು ಹಿಂದೆ ಬಂದ್ರೆ ಓಡಬೇಡಿ, ತಿರುಗಿ ಎರಡೂ ಕೈ ಅಗಲಿಸಿ ನಿಂತ್ರೆ ಸಾಮಾನ್ಯವಾಗಿ ಅವೂ ನಿಲ್ತವೆ. ನಾಯಿ ಜೊತೆಗಿದ್ದು ದನ ಅಟ್ಟಿಸ್ಕೊಂಡು ಬಂದ್ರೆ ಹಗ್ಗ ಬಿಟ್ಟುಬಿಡಿ, ನಾಯಿ ಓಡಿ ಪಾರಾಗುತ್ತೆ, ನಿಮಗೆ ಆಗಲ್ಲ. ಫುಟ್‌ಪಾತ್ ಇರೋ ಹೊಲದಲ್ಲಿ ಹಾಲಿನ ತಳಿಯ ದೊಡ್ಡ ಗೂಳಿ ಬಿಡೋ ಹಾಗಿಲ್ಲ, ಬೇರೆ ತಳಿದು ಹಸುಗಳ ಜೊತೆ ಇರಬಹುದು, ಹಾಗಾಗಿ ಗೂಳಿ ಇರಲ್ಲ ಅಂತ ನಂಬ್ಕೊಂಡು ಹೋಗಬೇಡಿ.

ಗೇಟ್ ಹೇಗಿತ್ತೋ ಹಾಗೇ ಬಿಡಿ, ತೆರೆದಿದ್ರೆ ತೆರೆದೇ ಇರಲಿ. ಬೀಗ ಹಾಕಿದ ಗೇಟ್ ಹತ್ತಲೇಬೇಕಾದ್ರೆ ಕೀಲು ಇರೋ ಕಡೆ ಹತ್ತಿ.

ಕಾಡು, ಮತ್ತು ಪ್ರಧಾನಿ ಮನೆ

ಬೀಚ್ ಮರದ ಕಾಡಲ್ಲಿ ಅಡ್ಡದಾರಿ ಜಾಸ್ತಿ, ಅಕ್ಟೋಬರ್ ಆದ್ಮೇಲೆ ಎಲೆ ಬಿದ್ದು ಎಲ್ಲಾ ಒಂದೇ ಥರ ಕಾಣುತ್ತೆ. ನೆಲ ನೋಡಬೇಡಿ, ಮರ ನೋಡಿ. ಚಿಲ್ಟರ್ನ್ ಸೊಸೈಟಿ ಅಂತ 1965ರಲ್ಲಿ ಶುರುವಾದ ಸಂಘದ ಸ್ವಯಂಸೇವಕರು ಕಾಡಿನ ಎಷ್ಟೋ ಕಡೆ ಮರದ ಕಾಂಡಕ್ಕೆ ಬಿಳಿ ಬಾಣ ಬರೆದಿದ್ದಾರೆ. ಏಪ್ರಿಲ್ ಕೊನೆಗೆ ನೀಲಿ ಬ್ಲೂಬೆಲ್ ಹೂವು ಅರಳಿರುತ್ತೆ, ಫೋಟೋಗೆ ಅಂತ ಅದರ ಮಧ್ಯೆ ಕೂರೋದು ಬೇಡ, ತುಳಿದ ಜಾಗ ಚೇತರಿಸ್ಕೊಳೋಕೆ ವರ್ಷಗಳೇ ಬೇಕು.

ಕಾಡು ದಾಟಿದ್ರೆ ಚೆಕರ್ಸ್, ಬ್ರಿಟನ್ ಪ್ರಧಾನಿಯ ಹಳ್ಳಿ ಬಂಗಲೆ. ರಿಜ್‌ವೇ ಸೀದಾ ಅದರ ಡ್ರೈವ್‌ವೇ ದಾಟ್ಕೊಂಡು ಹೋಗುತ್ತೆ, ನಂಬಿ! ಕ್ಯಾಮೆರಾ ಇರ್ತವೆ, ಇಲ್ಲಿ ಮಾತ್ರ ದಾರಿ ಬಿಟ್ಟು ಒಂದು ಹೆಜ್ಜೆನೂ ಆಚೆ ಇಡಬೇಡಿ, ಬೇರೆ ಕಡೆ ಬೈಗುಳಕ್ಕೆ ಮುಗಿಯೋದು ಇಲ್ಲಿ ಕ್ರಿಮಿನಲ್ ಕೇಸ್ ಆಗುತ್ತೆ. ಮುಂದೆ ಕ್ಯಾಡ್ಸ್‌ಡನ್‌ನಲ್ಲಿ ಒಂದು ಪಬ್ ಇದೆ, 2015ರಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್‌ರನ್ನ ಬಿಯರ್ ಕುಡಿಸೋಕೆ ಕರ್ಕೊಂಡು ಬಂದಿದ್ದ ಜಾಗ. ಚಿತ್ರಾನ್ನದ ಡಬ್ಬಿ ತಂದಿದ್ರೆ ಅದನ್ನ ಕೂಂಬ್ ಹಿಲ್ ಮೇಲೇ ಮುಗಿಸಿ, ತಲೆ ಮೇಲೆ ಒಂದು ಕಣ್ಣಿರಲಿ, ಈ ಕಡೆಯ ಕವಲು ಬಾಲದ ರೆಡ್ ಕೈಟ್ ಹದ್ದುಗಳು ಕೈಯಲ್ಲಿರೋದನ್ನ ಕಿತ್ಕೊಂಡು ಹೋಗೋದುಂಟು.

ಟೈಮ್ ಲೆಕ್ಕ: ಪುಸ್ತಕಗಳಲ್ಲಿ ಗಂಟೆಗೆ 5 ಕಿ.ಮೀ. ಅಂತಿರುತ್ತೆ, ಅದು 1892ರಲ್ಲಿ ನೈಸ್ಮಿತ್ ಅನ್ನೋ ಸ್ಕಾಟಿಷ್ ಬೆಟ್ಟ ಹತ್ತೋನು ಮಾಡಿದ ಲೆಕ್ಕ. ಕೆಸರು, ಸ್ಟೈಲ್, ಅಪ್ಪ-ಅಮ್ಮ, ಫೋಟೋ ಎಲ್ಲಾ ಸೇರಿದ್ರೆ ಗಂಟೆಗೆ 3 ಕಿ.ಮೀ. ಅಂದ್ಕೊಳ್ಳಿ, ಅಂದ್ರೆ ನಾಲ್ಕು ಗಂಟೆ ನಡಿಗೆ, ಮೇಲೆ ಊಟದ ಹೊತ್ತು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತೆ, ಹತ್ತು ಗಂಟೆ ಮೇಲೆ ಹೊರಡೋ ಹಾಗಿದ್ರೆ ಹೋಗಲೇಬೇಡಿ.

ದಾರೀಲಿ ಎಲ್ಲಾದ್ರೂ ಮುಳ್ಳುತಂತಿ ಅಡ್ಡ ಕಟ್ಟಿದ್ರೆ, ಸ್ಟೈಲ್ ಮುರಿದಿದ್ರೆ ರೈತನ ಜೊತೆ ಜಗಳಕ್ಕೆ ನಿಲ್ಲಬೇಡಿ. ಫೋಟೋ ತೆಗೆದು, ಆರ್ಡ್‌ನೆನ್ಸ್ ಸರ್ವೆ ಆಪ್‌ನಲ್ಲಿ ಕಾಣೋ, ಜಾಗ ಗುರುತಿಸೋ ಗ್ರಿಡ್ ನಂಬರ್ ಜೊತೆಗೆ ಅಲ್ಲಿನ ಕೌನ್ಸಿಲ್‌ನ ‘ರೈಟ್ಸ್ ಆಫ್ ವೇ’ ವಿಭಾಗಕ್ಕೆ ಆನ್‌ಲೈನಲ್ಲಿ ದೂರು ಹಾಕಿ. ಈ ಭಾಗಕ್ಕೆ ಅದು ಬಕಿಂಗ್‌ಹ್ಯಾಮ್‌ಶೈರ್ ಕೌನ್ಸಿಲ್. ಬರೀ ‘ವೆಂಡೋವರ್ ಹತ್ರ ಒಂದು ಹೊಲ’ ಅಂತ ಬರೆದ್ರೆ ಅವರಿಗೂ ಹುಡುಕೋಕೆ ಆಗಲ್ಲ.